ಪಕ್ಕದ ಬೆಂಚಿನವನ ಬಿಪಿ

ಎಂಬಿಬಿಎಸ್ ಮೊದಲ ವರ್ಷದ ಫಿಸಿಯಾಲಜಿ ಲ್ಯಾಬ್‌ನಲ್ಲಿ ರೋಗಿಗಳು ಇರಲ್ಲ. ನಾವೇ ಒಬ್ಬರಿಗೊಬ್ಬರು ರೋಗಿ. ನಾಡಿ, ಬಿಪಿ, ಎದೆಯ ಸದ್ದು ಎಲ್ಲ ಗೆಳೆಯರ ಮೈಮೇಲೇ ಕಲಿಯೋದು. ಅದಕ್ಕೆ ಕಾರಣ ಇದೆ. ಹೃದಯದ ಅಪೆಕ್ಸ್ ಬೀಟ್ ಎಡಗಡೆ ಐದು ಮತ್ತು ಆರನೇ ಪಕ್ಕೆಲುಬುಗಳ ನಡುವೆ ಬೆರಳಿಗೆ ಸಿಗುತ್ತೆ ಅಂತ ಪುಸ್ತಕ ಹೇಳುತ್ತೆ. ಹತ್ತಾರು ಆರೋಗ್ಯವಂತರ ಎದೆ ಮುಟ್ಟಿ ನೋಡಿ, ಕೆಲವರಲ್ಲಿ ಅದು ಸಿಗೋದೇ ಇಲ್ಲ. ಅದೂ ಸಹಜವೇ. ಇದು ಕೈಗೆ ಗೊತ್ತಾಗಬೇಕು.

ಶರ್ಟ್ ಬಿಚ್ಚೋಕೆ ಯಾರು ಬರ್ತೀರಿ ಅಂತ ಮೇಷ್ಟ್ರು ಕೇಳಿದಾಗೆಲ್ಲ ನಾವು ಒಬ್ಬ ತೆಳ್ಳಗಿನ ಹುಡುಗನನ್ನೇ ಮುಂದೆ ತಳ್ತಿದ್ವಿ. ಪಕ್ಕೆಲುಬು ಎಣಿಸೋಕೆ ಸುಲಭ ನೋಡಿ! ಅವನ ಒಪ್ಪಿಗೆ ಕೇಳಿದ ನೆನಪು ನನಗಿಲ್ಲ. ಒಂದು ದಿನ ಅವನ ಬಿಪಿ ನೋಡಿದ್ದು ನಾನು. 150/100. ಜೋರಾಗಿ ಓದಿಬಿಟ್ಟೆ. ಸಂಜೆಯೊಳಗೆ ಇಡೀ ಹಾಸ್ಟೆಲ್‌ಗೆ ಸುದ್ದಿ. ಆಮೇಲೆ ಅವನು ಯಾವತ್ತೂ ತೋಳು ಕೊಡಲಿಲ್ಲ.

ಆ ಒಂದು ಅಂಕಿಯಿಂದ ಕಾಯಿಲೆ ಇದೆ ಅನ್ನೋಕಾಗಲ್ಲ. ಗಾಬರಿ, ಮೆಟ್ಟಿಲು ಹತ್ತಿದ್ದು, ಮೂತ್ರ ತಡೆದುಕೊಂಡಿದ್ದು, ಯಾವುದರಿಂದಲಾದರೂ ಬಿಪಿ ಏರಬಹುದು. 5 ನಿಮಿಷ ಸುಮ್ಮನೆ ಕೂರಿಸಿ ಮತ್ತೆ ನೋಡಬೇಕು, ಬೇರೆ ದಿನವೂ ನೋಡಬೇಕು.

2019ರ ಪಠ್ಯಕ್ರಮದಲ್ಲಿ ವೈದ್ಯಕೀಯ ನೀತಿ, ಸಂವಹನಕ್ಕೆ ಪ್ರತ್ಯೇಕ ಪಾಠಗಳು ಬಂದಿವೆ, ಒಳ್ಳೇದೇ. ಆದ್ರೆ ಒಪ್ಪಿಗೆ ಅನ್ನೋದನ್ನ ವಾರ್ಡಿಗೆ ಹೋದಮೇಲೆ ಕಲಿಸಿದ್ರೆ ತಡವಾಯ್ತು ಅಂತ ನನ್ನ ಅನಿಸಿಕೆ. ಈಗ ನಾನು ಕಲಿಸುವಾಗ ಮೊದಲೇ ಹೇಳಿಬಿಡ್ತೀನಿ: ಬೇಡ ಅನ್ನೋಕೆ ಕಾರಣ ಕೊಡಬೇಕಿಲ್ಲ, ಹಾಜರಿ ಹೋಗಲ್ಲ. ರೆಕಾರ್ಡ್ ಪುಸ್ತಕದಲ್ಲಿ ಗೆಳೆಯನ ಹೆಸರು ಬರೀಬೇಡಿ. ಏನಾದ್ರೂ ವ್ಯತ್ಯಾಸ ಕಂಡ್ರೆ ಮೊದಲು ಅವನಿಗೇ ಹೇಳಿ, ಮೆಲ್ಲಗೆ. ನನ್ನ ಹತ್ರ ಬರೋದು ಬಿಡೋದು ಅವನಿಗೆ ಬಿಟ್ಟಿದ್ದು.