ಎಲ್ಲವೂ ಇರುವ ದಂಪತಿಗೆ ಏನು ಕೊಡುವುದು?
ಕ್ರಿಸ್‌ಮಸ್ ಉಡುಗೊರೆಯ ವ್ಯಾಪಾರ: ವರ್ತಕರು ಮತ್ತು ಸಣ್ಣ ಉದ್ದಿಮೆದಾರರು ಗಮನಿಸಬೇಕಾದ ಕೆಲವು ಅಂಶಗಳು

ಡಿಸೆಂಬರ್ ತಿಂಗಳ ಎರಡನೆಯ ವಾರ ಕಾಲಿಡುತ್ತಿದ್ದಂತೆ ಬೆಂಗಳೂರು, ಮಂಗಳೂರು, ಮೈಸೂರುಗಳ ಉಡುಗೊರೆ ಅಂಗಡಿಗಳಲ್ಲಿ ಒಂದು ಬಗೆಯ ಗ್ರಾಹಕರು ತಪ್ಪದೆ ಕಾಣಿಸಿಕೊಳ್ಳುತ್ತಾರೆ. ಅವರ ಕೈಯಲ್ಲಿ ಹಣವಿದೆ, ಕೊಳ್ಳುವ ಮನಸ್ಸೂ ಇದೆ. ಆದರೆ ಕೊಡಬೇಕಾದುದು ಒಬ್ಬರಿಗಲ್ಲ, ಇಬ್ಬರಿಗೆ; ಅದೂ ‘ನಮಗೇನೂ ಬೇಡ, ಎಲ್ಲವೂ ಇದೆ’ ಎನ್ನುವ ದಂಪತಿಗೆ. ನಿವೃತ್ತರಾದ ತಂದೆ ತಾಯಿ, ಅಣ್ಣ ಅತ್ತಿಗೆ, ಹಳೆಯ ಮೇಲಧಿಕಾರಿ ಮತ್ತು ಅವರ ಶ್ರೀಮತಿ, ಹೀಗೆ ಯಾರೂ ಆಗಿರಬಹುದು. ಅರ್ಧ ಗಂಟೆ ಅಂಗಡಿಯೆಲ್ಲ ಸುತ್ತಿದ ಮೇಲೆ ಇಂಥ ಗ್ರಾಹಕರು ಬಹುಪಾಲು ಒಂದು ಗೋಡೆ ಗಡಿಯಾರವನ್ನೋ ಗಾಜಿನ ಲೋಟಗಳ ಪೆಟ್ಟಿಗೆಯನ್ನೋ ಕೊಂಡು ಹೊರಡುತ್ತಾರೆ. ಅದು ಇನ್ನೊಂದು ಮನೆಯ ಅಟ್ಟವನ್ನು ಸೇರುತ್ತದೆ.

ಮಾರಿದವನಿಗೆ ಹಣ ಬಂದಿತು, ಇನ್ನೇನು ಎಂದು ಕೇಳಬಹುದು. ಆದರೆ ಅಟ್ಟ ಸೇರಿದ ಸರಕು ಮತ್ತೊಮ್ಮೆ ಬೇಡಿಕೆಯನ್ನು ಹುಟ್ಟಿಸುವುದಿಲ್ಲ. ಕೊಟ್ಟವರು ಮರುವರ್ಷ ಅದೇ ಅಂಗಡಿಗೆ ಬರುವ ಭರವಸೆಯಿಲ್ಲ. ಪಡೆದವರು ಆ ಅಂಗಡಿಯ ಹೆಸರನ್ನೂ ನೆನಪಿನಲ್ಲಿ ಇಟ್ಟುಕೊಳ್ಳುವುದಿಲ್ಲ. ಋತುಮಾನದ ವ್ಯಾಪಾರವನ್ನೇ ನೆಚ್ಚಿರುವ ಸಣ್ಣ ತಯಾರಕರಿಗೆ ಈ ಪ್ರಶ್ನೆ ಬಂಡವಾಳದ ಪ್ರಶ್ನೆಯೇ ಆಗಿದೆ. ಡಿಸೆಂಬರ್ 25 ದಾಟಿದೊಡನೆ ಉಳಿದ ಉಡುಗೊರೆ ದಾಸ್ತಾನು ಅರ್ಧ ಬೆಲೆಗೆ ಇಳಿಯುತ್ತದೆ.

ಮೌಲ್ಯ ಸೋರಿಹೋಗುವ ಬಗೆ

ಈ ಸಮಸ್ಯೆಯನ್ನು ಅರ್ಥಶಾಸ್ತ್ರಜ್ಞರೂ ಅಳೆದು ನೋಡಿದ್ದಾರೆ. ಅಮೆರಿಕದ ಜೋಯೆಲ್ ವಾಲ್ಡ್‌ಫೋಗೆಲ್ ಅವರು 1993ರಲ್ಲಿ ‘ಅಮೆರಿಕನ್ ಎಕನಾಮಿಕ್ ರಿವ್ಯೂ’ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನ ಈ ವಿಷಯದಲ್ಲಿ ಪ್ರಸಿದ್ಧವಾದುದು. ಕ್ರಿಸ್‌ಮಸ್‌ಗೆ ದೊರೆತ ಉಡುಗೊರೆಗಳಿಗೆ ಕೊಟ್ಟವರು ಎಷ್ಟು ಹಣ ತೆತ್ತಿರಬಹುದು, ಅದೇ ವಸ್ತುವಿಗೆ ತಾವಾಗಿದ್ದರೆ ಎಷ್ಟು ಕೊಡುತ್ತಿದ್ದೆವು ಎಂದು ಅವರು ವಿದ್ಯಾರ್ಥಿಗಳನ್ನು ಕೇಳಿದರು. ಉಡುಗೊರೆಯ ಬೆಲೆಯಲ್ಲಿ ಶೇಕಡಾ 10ರಿಂದ ಮೂರನೆಯ ಒಂದು ಭಾಗದವರೆಗೆ ಕೈ ಬದಲಾಗುವಾಗಲೇ ನಷ್ಟವಾಗುತ್ತದೆ ಎಂಬುದು ಅವರ ಅಂದಾಜು. ಸ್ನೇಹಿತರು ಕೊಟ್ಟ ವಸ್ತುಗಳಲ್ಲಿ ಈ ನಷ್ಟ ಕಡಿಮೆ. ದೂರದ ಬಂಧುಗಳು ಕೊಟ್ಟವುಗಳಲ್ಲಿ ಹೆಚ್ಚು. ಕಾರಣ ಸರಳವಾದುದು. ಪಡೆಯುವವರ ದಿನಚರಿಯನ್ನು ಬಲ್ಲವರು ಸರಿಯಾಗಿ ಆರಿಸುತ್ತಾರೆ, ಬಲ್ಲದವರು ಊಹಿಸುತ್ತಾರೆ.

ಈ ತೀರ್ಮಾನವನ್ನು ಎಲ್ಲರೂ ಒಪ್ಪಿದರೆಂದಲ್ಲ. ಸಾರಾ ಸೋಲ್ನಿಕ್ ಮತ್ತು ಡೇವಿಡ್ ಹೆಮೆನ್‌ವೇ ಅವರು 1996ರಲ್ಲಿ ಅದೇ ಪತ್ರಿಕೆಯಲ್ಲಿ ಇದಕ್ಕೆ ವಿರುದ್ಧವಾದ ಫಲಿತಾಂಶವನ್ನು ಮಂಡಿಸಿದರು. ಅವರ ಸಮೀಕ್ಷೆಯಲ್ಲಿ ಜನರು ತಮಗೆ ಬಂದ ಉಡುಗೊರೆಗೆ ಅದರ ಬೆಲೆಗಿಂತ ಹೆಚ್ಚಿನ ಮೌಲ್ಯವನ್ನು ಕಟ್ಟಿದ್ದರು. ಎರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ವರ್ತಕರಿಗೆ ಹೊಳೆಯುವ ಸಂಗತಿ ಒಂದೇ: ಉಡುಗೊರೆಯ ಮೌಲ್ಯ ಬೆಲೆಚೀಟಿಯಲ್ಲಿಲ್ಲ, ಆಯ್ಕೆಯಲ್ಲಿದೆ. ಆಯ್ಕೆಗೆ ನೆರವಾಗುವ ಅಂಗಡಿಯವನು ನಷ್ಟವನ್ನು ಲಾಭವಾಗಿಸಬಲ್ಲ.

ಡಲ್ಲಾಸ್ ನಗರದ ‘ಅವನಿಗೆ, ಅವಳಿಗೆ’

ಎಲ್ಲವೂ ಇರುವ ದಂಪತಿಗೆ ಏನು ಕೊಡಬೇಕೆಂಬ ಪ್ರಶ್ನೆಯನ್ನೇ ವ್ಯಾಪಾರವಾಗಿಸಿದ ಖ್ಯಾತಿ ಅಮೆರಿಕದ ಡಲ್ಲಾಸ್ ನಗರದ ನೀಮನ್ ಮಾರ್ಕಸ್ ಮಳಿಗೆಗೆ ಸಲ್ಲುತ್ತದೆ. ಈ ಮಳಿಗೆಯ ಕ್ರಿಸ್‌ಮಸ್ ಪುಸ್ತಿಕೆಯಲ್ಲಿ 1960ರಿಂದ ‘ಅವನಿಗೆ, ಅವಳಿಗೆ’ ಎಂಬ ಜೋಡಿ ಉಡುಗೊರೆಗಳು ಕಾಣಿಸಿಕೊಂಡವು. ಮೊದಲ ವರ್ಷದ ಜೋಡಿ ಎರಡು ಬೀಚ್‌ಕ್ರಾಫ್ಟ್ ವಿಮಾನಗಳು! 1967ರಲ್ಲಿ ಒಂಟೆಗಳ ಜೋಡಿ ಬಂದಿತು. 1971ರಲ್ಲಿ ಪ್ರಾಚೀನ ಈಜಿಪ್ಟಿನ ಶವಪೆಟ್ಟಿಗೆಗಳ ಜೋಡಿಯನ್ನು ಮಾರಾಟಕ್ಕಿಡಲಾಯಿತು. ಅವನ್ನು ಕೊಂಡದ್ದು ಯಾವ ದಂಪತಿಯೂ ಅಲ್ಲ, ಕ್ಯಾಲಿಫೋರ್ನಿಯಾದ ಒಂದು ವಸ್ತುಸಂಗ್ರಹಾಲಯ. ಒಂದು ಪೆಟ್ಟಿಗೆಯೊಳಗೆ ಯಾರೂ ನಿರೀಕ್ಷಿಸದ ರಕ್ಷಿತ ಶವವೊಂದು ಇದ್ದುದು ಆಮೇಲೆ ತಿಳಿಯಿತು.

ಇಂಥ ಸರಕುಗಳು ಇದ್ದುದು ಪ್ರಚಾರಕ್ಕಾಗಿ. ವಿಮಾನದ ಚಿತ್ರ ನೋಡಿ ಬೆರಗಾದವರು ಅದೇ ಪುಸ್ತಿಕೆಯ ಮುಂದಿನ ಪುಟಗಳಲ್ಲಿದ್ದ ಸಾಮಾನ್ಯ ಬೆಲೆಯ ಪದಾರ್ಥಗಳನ್ನು ಕೊಳ್ಳಲಿ ಎಂಬುದೇ ಲೆಕ್ಕಾಚಾರ. ಸಣ್ಣ ವರ್ತಕರು ವಿಮಾನ ಮಾರಬೇಕಾಗಿಲ್ಲ. ಆದರೆ ಒಂದು ತಪ್ಪು ತಿಳಿವಳಿಕೆಯನ್ನು ಬಿಡಬೇಕು. ದಂಪತಿಗೆ ಉಡುಗೊರೆ ಎಂದರೆ ಒಂದೇ ವಸ್ತುವನ್ನು ಎರಡು ಬಣ್ಣಗಳಲ್ಲಿ ಕಟ್ಟಿ ಕೊಡುವುದಲ್ಲ. ‘ಅವರಿಗೆ’, ‘ಇವರಿಗೆ’ ಎಂದು ಅಚ್ಚಾದ ಚಹಾ ಬಟ್ಟಲುಗಳ ಜೋಡಿ ನವದಂಪತಿಗಳಲ್ಲಿ ನಗು ತರಬಹುದು. ಮೂವತ್ತು ವರ್ಷ ಸಂಸಾರ ಮಾಡಿದವರ ಕಪಾಟಿನಲ್ಲಿ ಬಟ್ಟಲುಗಳಿಗೆ ಕೊರತೆಯಿಲ್ಲ.

ಮುಯ್ಯಿಯೂ ನೋಂದಣಿಯೂ

ಊಹೆಯಿಂದ ಆಗುವ ನಷ್ಟವನ್ನು ತಪ್ಪಿಸಲು ಸಮಾಜಗಳು ತಮ್ಮದೇ ದಾರಿ ಕಂಡುಕೊಂಡಿವೆ. ಕರ್ನಾಟಕದ ಹಳ್ಳಿಗಳ ಮದುವೆಗಳಲ್ಲಿ ಮುಯ್ಯಿ ಬರೆಯುವ ಪದ್ಧತಿಯಿದೆ. ಯಾರು ಎಷ್ಟು ಕೊಟ್ಟರೆಂದು ಪುಸ್ತಕದಲ್ಲಿ ಬರೆದಿಟ್ಟುಕೊಂಡು, ಅವರ ಮನೆಯ ಶುಭಕಾರ್ಯದಲ್ಲಿ ಅದನ್ನು ತೀರಿಸುತ್ತಾರೆ. ಹಣವೇ ಕೈ ಬದಲಾಗುವುದರಿಂದ ಬೇಡದ ವಸ್ತು ಮನೆ ಸೇರುವ ಪ್ರಶ್ನೆಯೇ ಇಲ್ಲ. ಅಮೆರಿಕದಲ್ಲಿ ಇದೇ ಉದ್ದೇಶಕ್ಕೆ ಉಡುಗೊರೆ ನೋಂದಣಿ ಬಂದಿತು. ಷಿಕಾಗೋ ನಗರದ ಮಾರ್ಷಲ್ ಫೀಲ್ಡ್ಸ್ ಮಳಿಗೆ 1924ರಲ್ಲಿ ಇದನ್ನು ಆರಂಭಿಸಿತೆಂದು ಹೇಳಲಾಗುತ್ತದೆ. ಮದುವೆಯಾಗುವವರು ತಮಗೆ ಬೇಕಾದುದನ್ನು ಮಳಿಗೆಯಲ್ಲಿ ಬರೆಸಿಡುತ್ತಾರೆ, ಬಂಧುಗಳು ಆ ಪಟ್ಟಿಯಿಂದ ಆರಿಸುತ್ತಾರೆ.

ಕ್ರಿಸ್‌ಮಸ್‌ಗೆ ಈ ಎರಡೂ ಪೂರ್ತಿ ಒಗ್ಗುವುದಿಲ್ಲ. ತಂದೆ ತಾಯಿಗೆ ಹಣದ ಲಕೋಟೆ ಕೊಡಲು ಮಕ್ಕಳಿಗೆ ಸಂಕೋಚ. ‘ನಮಗೇನೂ ಬೇಡ’ ಎನ್ನುವವರಿಂದ ಪಟ್ಟಿ ಬರೆಸುವುದಂತೂ ಅಸಾಧ್ಯ. ಆದ್ದರಿಂದ ಕೇಳುವ ಕೆಲಸ ಮಾರುವವನ ಪಾಲಿಗೆ ಬರುತ್ತದೆ. ‘ಏನು ಕೊಡಬೇಕೆಂದಿದ್ದೀರಿ?’ ಎಂದು ಕೇಳಿದರೆ ಗ್ರಾಹಕರ ಬಳಿ ಉತ್ತರವಿಲ್ಲ. ‘ಅವರ ಮನೆಯಲ್ಲಿ ದಿನವೂ ಬಳಕೆಯಾಗುವ ಹಳೆಯ ವಸ್ತು ಯಾವುದು? ಇಬ್ಬರೂ ಒಟ್ಟಿಗೆ ಕೂರುವುದು ಯಾವಾಗ? ಮನೆಗೆ ಯಾರು ಬಂದು ಹೋಗುತ್ತಾರೆ?’ ಎಂದು ಕೇಳಿದರೆ ಉತ್ತರ ತಾನಾಗಿ ಹೊರಡುತ್ತದೆ.

ಇರುವುದಕ್ಕೆ ಪೂರಕವಾದುದು

ಈ ಮೂರು ಪ್ರಶ್ನೆಗಳ ಹಿಂದೆ ಒಂದು ತತ್ತ್ವವಿದೆ. ಎಲ್ಲವೂ ಇರುವವರಿಗೆ ಇನ್ನೊಂದು ವಸ್ತು ಬೇಡ. ಇರುವ ವಸ್ತುವಿಗೆ ಬೇಕಾದುದು ಬೇಕು. ಬೆಳಿಗ್ಗೆ ಫಿಲ್ಟರ್ ಕಾಫಿ ಕುಡಿಯುವ ದಂಪತಿಗೆ ಮತ್ತೊಂದು ಫಿಲ್ಟರ್ ಕೊಡುವುದರಲ್ಲಿ ಅರ್ಥವಿಲ್ಲ. ಚಿಕ್ಕಮಗಳೂರಿನದೋ ಕೊಡಗಿನದೋ ಒಳ್ಳೆಯ ಬೀಜವನ್ನು ಅದೇ ವಾರ ಹುರಿದು, ಹುರಿದ ದಿನಾಂಕವನ್ನು ನಮೂದಿಸಿ, ಅವರು ಬಳಸುವ ಪ್ರಮಾಣದಲ್ಲಿ ಚಿಕೋರಿ ಬೆರೆಸಿಯೋ ಬೆರೆಸದೆಯೋ ಕೊಟ್ಟರೆ ಅದು ತಿಂಗಳೊಪ್ಪತ್ತಿನಲ್ಲಿ ಮುಗಿಯುತ್ತದೆ. ಮುಗಿದುದನ್ನು ಮತ್ತೆ ತರಿಸಬೇಕಾಗುತ್ತದೆ. ಮೂರು ತಿಂಗಳ ಹಣವನ್ನು ಮುಂಗಡವಾಗಿ ಪಡೆದು ತಿಂಗಳಿಗೊಮ್ಮೆ ಮನೆಗೆ ತಲುಪಿಸುವ ಕಾಫಿಪುಡಿ ವರ್ತಕನಿಗೆ ಡಿಸೆಂಬರಿನ ಒಂದು ಮಾರಾಟ ಮಾರ್ಚಿಯವರೆಗೆ ಮುಂದುವರಿಯುತ್ತದೆ. ಮಕ್ಕಳು ಕೊಲ್ಲಿ ರಾಷ್ಟ್ರಗಳಲ್ಲಿದ್ದು ತಂದೆ ತಾಯಿ ಊರಿನಲ್ಲಿರುವ ಕರಾವಳಿಯ ಮನೆಗಳಿಗೆ ಇಂಥ ವ್ಯವಸ್ಥೆ ಹೆಚ್ಚು ಹೊಂದುತ್ತದೆ.

ಮಂಗಳೂರಿನ ಕುಸ್ವಾರ್ ಇದೇ ತತ್ತ್ವದ ಹಳೆಯ ನಿದರ್ಶನ. ಕರಾವಳಿಯ ಕ್ರೈಸ್ತ ಮನೆಗಳಲ್ಲಿ ಕ್ರಿಸ್‌ಮಸ್ ಸಮಯದಲ್ಲಿ ನೆವ್ರಿ, ಕಿಡಿಯೊ, ಗುಳಿಯೊ, ತುಕ್ಡಿ ಮೊದಲಾದ ತಿಂಡಿಗಳನ್ನು ಮಾಡಿ, ತಟ್ಟೆಯಲ್ಲಿ ಜೋಡಿಸಿ, ನೆರೆಹೊರೆಯವರಿಗೆ ಹಂಚುತ್ತಾರೆ. ಆ ತಟ್ಟೆಯನ್ನು ಬೇಡವೆನ್ನುವ ಮನೆಯಿಲ್ಲ. ಅದು ಯಾರ ಅಟ್ಟವನ್ನೂ ಸೇರುವುದಿಲ್ಲ. ಮಾಡಲು ಬಹಳ ಕೈಗಳು ಬೇಕಾದ ಈ ತಿಂಡಿಗಳನ್ನು ಇಬ್ಬರೇ ಇರುವ ಮನೆಯಲ್ಲಿ ಮಾಡುವುದು ಕಷ್ಟ. ಆ ಕಾರಣದಿಂದಲೇ ಬೇಕರಿಗಳೂ ಗೃಹೋದ್ಯಮಗಳೂ ಇವನ್ನು ಮಾಡಿ ಮಾರುತ್ತಿವೆ. ಇಬ್ಬರಿಗೆ ಸಾಕಾಗುವ ಕಾಲು ಕಿಲೋದ ಕಟ್ಟು ಒಂದು, ಬಂದವರಿಗೆ ಹಂಚಲು ಒಂದು ಕಿಲೋದ ಡಬ್ಬಿ ಒಂದು ಎಂದು ಎರಡು ಅಳತೆಗಳನ್ನು ಇಟ್ಟರೆ ಗ್ರಾಹಕರ ಆಯ್ಕೆ ಸುಲಭವಾಗುತ್ತದೆ.

ಬಾಳಿಕೆಯ ವಸ್ತುಗಳಲ್ಲೂ ದಾರಿಯಿದೆ. ಚನ್ನಪಟ್ಟಣದ ಅರಗಿನ ಬಣ್ಣದ ಮರದ ಆಟಿಕೆಯನ್ನು ಅಜ್ಜ ಅಜ್ಜಿಯರಿಗೆ ಕೊಡುವುದು ಮೊದಲ ನೋಟಕ್ಕೆ ವಿಚಿತ್ರವೆನಿಸಬಹುದು. ಆದರೆ ರಜೆಗೆ ಬರುವ ಮೊಮ್ಮಕ್ಕಳಿಗಾಗಿ ಆ ಮನೆಯಲ್ಲಿಯೇ ಉಳಿಯುವ ಆಟಿಕೆ ಆ ದಂಪತಿಯ ಬಳಿ ಸಾಮಾನ್ಯವಾಗಿ ಇರುವುದಿಲ್ಲ. ಬೀದರಿನ ಬಿದರಿ ಕುಸುರಿಯ ಪೆಟ್ಟಿಗೆ ಅತಿಥಿಗಳು ಬಂದುಹೋಗುವ ಮನೆಗೆ ಒಪ್ಪುತ್ತದೆ. ಒಪ್ಪವಾಗಿಡುವ ಕ್ರಮವನ್ನು ವಿವರಿಸುವ ಚೀಟಿಯೊಂದು ಅದರೊಡನೆ ಇರಬೇಕು.

ಇನ್ನು ವಸ್ತುವೇ ಬೇಡ ಎನ್ನುವವರಿಗೆ ಸೇವೆಯನ್ನು ಮಾರಬಹುದು. ಹಿತ್ತಾಳೆಯ ಹಳೆಯ ಪಾತ್ರೆಗಳಿಗೆ ಕಲಾಯಿ, ಬೆತ್ತ ಹರಿದ ಕುರ್ಚಿಗೆ ಹೊಸ ಹೆಣಿಗೆ, ಮಾಸಿದ ಮದುವೆಯ ಭಾವಚಿತ್ರಕ್ಕೆ ಹೊಸ ಪ್ರತಿ ಮತ್ತು ಚೌಕಟ್ಟು, ರೇಷ್ಮೆ ಸೀರೆಗೆ ಪಾಲಿಶ್ ಮೊದಲಾದವು ಆ ದಂಪತಿಗೆ ನಿಜವಾಗಿ ಬೇಕಾಗಿರುವ, ಆದರೆ ತಾವಾಗಿ ಮಾಡಿಸಿಕೊಳ್ಳದ ಕೆಲಸಗಳು. ಪಾತ್ರೆ ಅಂಗಡಿ, ಪೀಠೋಪಕರಣದ ಅಂಗಡಿ, ಫೋಟೋ ಸ್ಟುಡಿಯೋಗಳು ಇವುಗಳಿಗೆ ಅಂದವಾದ ಚೀಟಿಯನ್ನು ಅಚ್ಚು ಹಾಕಿಸಿ ಉಡುಗೊರೆಯಾಗಿ ಮಾರಬಹುದು. ಇದಕ್ಕೆ ದಾಸ್ತಾನಿನ ಬಂಡವಾಳ ಬೇಕಿಲ್ಲ, ಡಿಸೆಂಬರ್ 26ರ ಭಯವೂ ಇಲ್ಲ.

ಬುಟ್ಟಿ ಕಟ್ಟುವ ಮೊದಲು

ಹಲವು ಪದಾರ್ಥಗಳನ್ನು ಸೇರಿಸಿ ಒಂದೇ ಬೆಲೆಗೆ ಮಾರುವ ಉಡುಗೊರೆ ಬುಟ್ಟಿ, ಅಂದರೆ ಹ್ಯಾಂಪರ್, ವಿಷಯದಲ್ಲಿ ತೆರಿಗೆಯ ಲೆಕ್ಕವನ್ನು ಮೊದಲೇ ನೋಡಿಕೊಳ್ಳಬೇಕು. 2017ರ ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಕಾಯಿದೆಯು ‘ಮಿಶ್ರ ಪೂರೈಕೆ’ಗೆ ಕೊಟ್ಟಿರುವ ಉದಾಹರಣೆಯೇ ಇಂಥ ಬುಟ್ಟಿ. ಒಂದೇ ಬೆಲೆಗೆ ಮಾರಿದಾಗ ಅದರೊಳಗಿನ ಪದಾರ್ಥಗಳಲ್ಲಿ ಅತಿ ಹೆಚ್ಚಿನ ದರ ಯಾವುದಕ್ಕಿದೆಯೋ ಆ ದರವೇ ಇಡೀ ಬುಟ್ಟಿಗೆ ಅನ್ವಯಿಸುತ್ತದೆ. 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ದರಗಳಂತೆ ಕೇಕ್, ಚಾಕೊಲೇಟ್, ಒಣಹಣ್ಣುಗಳಿಗೆ ಶೇಕಡಾ 5 ತೆರಿಗೆ. ಅನಿಲ ತುಂಬಿದ ತಂಪು ಪಾನೀಯಕ್ಕೆ ಶೇಕಡಾ 40.

ತೆರಿಗೆ ಸೇರದೆ 1,000 ರೂಪಾಯಿ ಬೆಲೆಯ ಬುಟ್ಟಿಯಲ್ಲಿ ಕೇಕ್, ಚಾಕೊಲೇಟ್, ಒಣಹಣ್ಣುಗಳ ಪಾಲು 940 ರೂಪಾಯಿ, ಪಾನೀಯದ ಬಾಟಲಿಯ ಪಾಲು 60 ರೂಪಾಯಿ ಎಂದಿಟ್ಟುಕೊಳ್ಳೋಣ. ಬೇರೆ ಬೇರೆಯಾಗಿ ಮಾರಿದರೆ ತೆರಿಗೆ 47 ಮತ್ತು 24, ಒಟ್ಟು 71 ರೂಪಾಯಿ. ಒಂದೇ ಬೆಲೆಗೆ ಮಾರಿದರೆ 400 ರೂಪಾಯಿ. ಅರವತ್ತು ರೂಪಾಯಿಯ ಬಾಟಲಿಗಾಗಿ 329 ರೂಪಾಯಿ ಹೆಚ್ಚಿನ ಹೊರೆ! ಬಾಟಲಿಯನ್ನು ಬಿಟ್ಟು ಕಟ್ಟುವುದೇ ಜಾಣತನ. ಲೆಕ್ಕಪರಿಶೋಧಕರೊಡನೆ ಒಮ್ಮೆ ಚರ್ಚಿಸಿ ಬುಟ್ಟಿಯನ್ನು ರೂಪಿಸುವುದು ಒಳಿತು.

ಸಂಸ್ಥೆಗಳು ತಮ್ಮ ವಿತರಕರಿಗೆ, ಗ್ರಾಹಕರಿಗೆ ಉಚಿತವಾಗಿ ಕೊಡುವ ಉಡುಗೊರೆಗಳ ಬಗ್ಗೆ ಇನ್ನೊಂದು ಮಾತು. ಹೀಗೆ ಉಡುಗೊರೆಯಾಗಿ ಕೊಟ್ಟ ಸರಕಿನ ಖರೀದಿಗೆ ತೆತ್ತ ತೆರಿಗೆಯ ಜಮೆಯನ್ನು ಪಡೆಯಲು ಅದೇ ಕಾಯಿದೆಯ 17ನೆಯ ವಿಧಿಯ 5ನೆಯ ಉಪವಿಧಿ ಅವಕಾಶ ಕೊಡುವುದಿಲ್ಲ. ಉಡುಗೊರೆಯ ವೆಚ್ಚವನ್ನು ಲೆಕ್ಕ ಹಾಕುವಾಗ ತೆರಿಗೆಯನ್ನೂ ಸೇರಿಸಿಕೊಳ್ಳಬೇಕು.

ಬದಲಿ ಕೊಡುವ ಧೈರ್ಯ

ಎಷ್ಟೇ ಎಚ್ಚರದಿಂದ ಆರಿಸಿದರೂ ಕೆಲವು ಉಡುಗೊರೆಗಳು ಒಗ್ಗದೇ ಹೋಗುತ್ತವೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ದೋಷವಿರುವ ಸರಕನ್ನು ರಸೀದಿಯಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನಗಳೊಳಗೆ, ಹಿಂದಕ್ಕೆ ಪಡೆಯಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿ. ಕೊಂಡವರ ಒಪ್ಪಿಗೆಯಿಂದ ಬಳಸುವವರೂ ಈ ಕಾಯಿದೆಯ ಪ್ರಕಾರ ಗ್ರಾಹಕರೇ; ಆದ್ದರಿಂದ ಉಡುಗೊರೆ ಪಡೆದವರಿಗೂ ದೂರುವ ಹಕ್ಕಿದೆ. ಕೇವಲ ಇಷ್ಟವಾಗದ ಸರಕನ್ನು ಬದಲಿಸಿಕೊಡಬೇಕೆಂಬ ಕಡ್ಡಾಯ ಈ ನಿಯಮದಲ್ಲಿಲ್ಲ. ಆದರೂ ಬೆಲೆ ನಮೂದಿಸದ ಒಂದು ಚೀಟಿಯನ್ನು ಉಡುಗೊರೆಯೊಳಗಿಟ್ಟು, ಜನವರಿ 15ರವರೆಗೆ ಅದೇ ಮೊತ್ತದ ಬೇರೆ ಸರಕು ಪಡೆಯಬಹುದೆಂದು ತಿಳಿಸಿದರೆ ಕೊಳ್ಳುವವರ ಅಳುಕು ಅರ್ಧ ಇಳಿಯುತ್ತದೆ. ಬದಲಿಸಿಕೊಳ್ಳಲು ಆ ದಂಪತಿ ಇಬ್ಬರೂ ಅಂಗಡಿಗೆ ಬರುತ್ತಾರೆ. ಹೊಸ ಗ್ರಾಹಕರನ್ನು ಕರೆತರಲು ಇದಕ್ಕಿಂತ ಅಗ್ಗದ ಜಾಹೀರಾತು ಸಿಗುವುದು ಕಷ್ಟ.

ಈ ವ್ಯಾಪಾರದ ಸಿದ್ಧತೆ ಡಿಸೆಂಬರಿನಲ್ಲಿ ಆರಂಭವಾದರೆ ತಡವಾದಂತೆ. ಡಬ್ಬಿಗಳ ಅಳತೆ, ಸೇವೆಯ ಚೀಟಿಗಳ ಮುದ್ರಣ, ಕಲಾಯಿ ಮಾಡುವವರು ಮತ್ತು ಬೆತ್ತ ಹೆಣೆಯುವವರೊಡನೆ ದರದ ಒಪ್ಪಂದ, ಇವೆಲ್ಲ ಅಕ್ಟೋಬರಿನಲ್ಲೇ ಮುಗಿಯಬೇಕು. ಗಲ್ಲಾಪೆಟ್ಟಿಗೆಯ ಬಳಿ ನಿಲ್ಲುವ ಸಿಬ್ಬಂದಿಗೆ ಆ ಮೂರು ಪ್ರಶ್ನೆಗಳನ್ನು ಕಲಿಸಲು ಒಂದು ಗಂಟೆ ಸಾಕು. ಉತ್ತರಗಳನ್ನು ಗ್ರಾಹಕರ ಹೆಸರಿನೊಡನೆ ಬರೆದಿಟ್ಟುಕೊಂಡರೆ ಮರುವರ್ಷ ಅದನ್ನೂ ಕೇಳಬೇಕಾಗಿಲ್ಲ. ಮುಯ್ಯಿಯ ಪುಸ್ತಕ ಹಳ್ಳಿಯ ಮನೆಗಳಿಗೆ ಎಷ್ಟು ಬೆಲೆಬಾಳುವುದೋ, ಇಂಥ ಪುಸ್ತಕ ಅಂಗಡಿಗೂ ಅಷ್ಟೇ ಬೆಲೆಬಾಳುತ್ತದೆ.