ತಂತ್ರಾಂಶ ಪ್ಯಾಕೇಜಿನ ಸಿದ್ಧತೆ ಮತ್ತು ವಿತರಣೆ

ಒಂದು ಸಂಸ್ಥೆಯ ನೂರಾರು ಗಣಕಯಂತ್ರಗಳಲ್ಲಿ ಒಂದೇ ತಂತ್ರಾಂಶವನ್ನು ಅಳವಡಿಸುವ ಕಾರ್ಯವು, ಒಂದು ಯಂತ್ರದಲ್ಲಿ ಮಾಡಿದುದರ ಪುನರಾವೃತ್ತಿ ಮಾತ್ರವಲ್ಲ. ಯಂತ್ರದ ಮುಂದೆ ಕುಳಿತವನು ಅದು ಕೇಳುವ ಪ್ರಶ್ನೆಗಳಿಗೆ ಉತ್ತರವೀಯುತ್ತಾನೆ. ಫಲವನ್ನು ಕಣ್ಣಾರೆ ಕಾಣುತ್ತಾನೆ. ದೂರದಿಂದ ಅಳವಡಿಸುವಾಗ ಈ ಎರಡು ಅನುಕೂಲಗಳೂ ಇಲ್ಲ. ಇವುಗಳ ಕೊರತೆಯನ್ನು ನೀಗುವುದೇ ಪ್ಯಾಕೇಜಿನ ಪ್ರಯೋಜನವೆಂದು ನಾವು ತಿಳಿಯಬೇಕು.

ವಿಂಡೋಸ್ ವ್ಯವಸ್ಥೆಯ ಎಂಎಸ್‌ಐ ಪ್ಯಾಕೇಜನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಉತ್ತರಗಳನ್ನು ಮೊದಲೇ ಆಜ್ಞೆಯಲ್ಲಿ ಬರೆದಿಟ್ಟರೆ ಅಳವಡಿಕೆಯು ತಾನೇ ತಾನಾಗಿ ನಡೆದು, ಕೊನೆಯಲ್ಲಿ ಒಂದು ಅಂಕೆಯನ್ನು ಒಪ್ಪಿಸುತ್ತದೆ. 0 ಎಂದರೆ ಸಫಲ. 3010 ಎಂದರೆ ಸಫಲವೇ, ಆದರೆ ಯಂತ್ರವನ್ನು ಪುನಃ ಆರಂಭಿಸಬೇಕು. 1618 ಎಂದರೆ ಬೇರೊಂದು ಅಳವಡಿಕೆ ನಡೆಯುತ್ತಿದೆ. 1603 ಎಂದರೆ ವಿಫಲ. 3010ನ್ನು ವೈಫಲ್ಯವೆಂದು ಎಣಿಸಿದರೆ ಮುಗಿದ ಕೆಲಸವನ್ನೇ ಮತ್ತೆ ಮಾಡಿದಂತಾದೀತು. ಅಂಕೆಯೊಂದೇ ಸಾಲದು, ತಕ್ಕ ಕಡತವು ತಕ್ಕ ಆವೃತ್ತಿಯಲ್ಲಿ ಯಂತ್ರದೊಳಗೆ ಇದೆಯೇ ಎಂದು ಪರೀಕ್ಷಿಸುವ ನಿಯಮವೂ ಬೇಕು.

ಆದರೆ ಸರಿಯಾಗಿ ತಲುಪಿದುದೆಲ್ಲವೂ ನಿರಪಾಯವಲ್ಲ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಸಂಸ್ಥೆಯ ರಕ್ಷಣಾ ತಂತ್ರಾಂಶಕ್ಕೆ ಬಂದ ದೋಷಯುಕ್ತ ಪರಿಷ್ಕರಣವೊಂದು, ಮೈಕ್ರೋಸಾಫ್ಟಿನ ಅಂದಾಜಿನಂತೆ, ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳನ್ನು ಬಾಧಿಸಿತು. ವಿಮಾನಯಾನವೂ ಆಸ್ಪತ್ರೆಗಳ ಕಾರ್ಯವೂ ಅಸ್ತವ್ಯಸ್ತವಾದುವು. ಅದು ಹಂತಹಂತವಾಗಿ ಸಾಗದೆ ಎಲ್ಲೆಡೆಗೂ ಒಮ್ಮೆಗೇ ಹರಡಿದುದರಿಂದ ಅನರ್ಥವು ಅಷ್ಟು ವ್ಯಾಪಕವಾಯಿತು. ಆದುದರಿಂದ ಮೊದಲು ಕೆಲವೇ ಯಂತ್ರಗಳಿಗೆ, ಅನಂತರ ಒಂದು ವಿಭಾಗಕ್ಕೆ, ಕೊನೆಗೆ ಇಡೀ ಸಂಸ್ಥೆಗೆ ಎಂಬ ಕ್ರಮವನ್ನು ಅನುಸರಿಸುವುದೂ, ತಂತ್ರಾಂಶವನ್ನು ತೆಗೆದುಹಾಕುವ ಆಜ್ಞೆಯನ್ನು ಮೊದಲೇ ಪರೀಕ್ಷಿಸಿಡುವುದೂ ಅತ್ಯವಶ್ಯಕವೆಂದು ನಾವು ಭಾವಿಸುತ್ತೇವೆ.