ಮುಖ ಕೆತ್ತಿದ್ದಾಯ್ತು, ಹೊಟ್ಟೆಯೊಳಗಿದ್ದದ್ದು ಎಲ್ಲಿ ಹೋಯ್ತು?

ಅಕ್ಟೋಬರ್ ಕೊನೆಯ ವಾರ ಬಂತೆಂದರೆ ಸಾಕು, ಇನ್‌ಸ್ಟಾಗ್ರಾಂ ತುಂಬ ಹಲ್ಲು ಕಿರಿಯುವ ಕುಂಬಳಕಾಯಿಗಳದ್ದೇ ಕಾರುಬಾರು. ಅಮೆರಿಕದಲ್ಲಿ ಎಂಎಸ್ ಮಾಡುತ್ತಿರುವ ಸೀನಿಯರ್‌ಗಳ ಸ್ಟೋರಿಯಲ್ಲೂ ಅದೇ, ಬೆಂಗಳೂರಿನ ಹ್ಯಾಲೋವೀನ್ ಪಾರ್ಟಿಗಳಲ್ಲೂ ಅದೇ. ಕಣ್ಣು, ಮೂಗು, ಬಾಯಿ, ಒಳಗೊಂದು ದೀಪ. ಲೈಕ್ ಒತ್ತುವಾಗ ನನಗೆ ಬರುವ ಪ್ರಶ್ನೆ ಒಂದೇ: ಹೊಟ್ಟೆಯೊಳಗಿದ್ದದ್ದನ್ನು ಏನು ಮಾಡಿದರು?

ಅಂದಹಾಗೆ, ಈ ಪದ್ಧತಿ ಶುರುವಾಗಿದ್ದು ಕುಂಬಳಕಾಯಿಯಿಂದಲ್ಲ. ಐರ್ಲೆಂಡ್, ಸ್ಕಾಟ್ಲೆಂಡ್‌ನವರು ಟರ್ನಿಪ್ ಗಡ್ಡೆ ಕೊರೆದು ದೀಪ ಇಡುತ್ತಿದ್ದರು. 19ನೇ ಶತಮಾನದಲ್ಲಿ ಅಮೆರಿಕಕ್ಕೆ ವಲಸೆ ಹೋದವರಿಗೆ ಅಲ್ಲಿ ದೊಡ್ಡದಾದ, ಸಲೀಸಾಗಿ ಕೊರೆಯಬಹುದಾದ ಕುಂಬಳಕಾಯಿ ಸಿಕ್ಕಿತು. ನಮ್ಮ ವರ್ಕ್‌ಶಾಪ್‌ನಲ್ಲಿ ಲೇತ್ ಮೇಲೆ ಕಬ್ಬಿಣ ಕೊರೆದರೆ ಉಳಿಯುವುದು ಜಾಬ್, ಬೀಳುವುದು ಗುಜರಿ. ಕುಂಬಳಕಾಯಿಯ ಲೆಕ್ಕ ಉಲ್ಟಾ. ಉಳಿಯುವುದು ಅಲಂಕಾರ, ಕೊರೆದು ತೆಗೆದದ್ದೇ ಊಟ!

ಮೊದಲು ಬೀಜ. ನಾರಿನಿಂದ ಬಿಡಿಸಿ ತೊಳೆದು, ಉಪ್ಪುನೀರಿನಲ್ಲಿ 10 ನಿಮಿಷ ಕುದಿಸಿ, ಬಟ್ಟೆಯ ಮೇಲೆ ಹರಡಿ ಪೂರ್ತಿ ಆರಿಸಿ. ಚೂರು ಎಣ್ಣೆ, ಖಾರದಪುಡಿ ಸವರಿ ಓವನ್‌ನಲ್ಲಿ 175 ಡಿಗ್ರಿಗೆ 15ರಿಂದ 20 ನಿಮಿಷ ಇಡಿ. ಓವನ್ ಇಲ್ಲವೇ? ಸಣ್ಣ ಉರಿಯಲ್ಲಿ ಬಾಣಲೆ ಸಾಕು. ಪ್ರೊಟೀನ್, ಮೆಗ್ನೀಸಿಯಂ, ಸತು ಎಲ್ಲ ಇರುವ ಕುಂಬಳಬೀಜವನ್ನೇ ಸೂಪರ್‌ಮಾರ್ಕೆಟ್‌ನಲ್ಲಿ ಪುಟ್ಟ ಪ್ಯಾಕೆಟ್ ಮಾಡಿ ಮಾರುತ್ತಾರೆ. ಮೆಕ್ಸಿಕೊದವರಂತೂ ಈ ಬೀಜ ಅರೆದು ‘ಪಿಪಿಯಾನ್’ ಎಂಬ ಗಟ್ಟಿ ಸಾರನ್ನೇ ಮಾಡುತ್ತಾರೆ.

ಎರಡನೆಯದು, ಕೈಗೆ ಅಂಟುವ ನಾರುನಾರು ತಿರುಳು. ಎಲ್ಲರೂ ಮೊದಲು ಎಸೆಯುವುದು ಇದನ್ನೇ. ಈರುಳ್ಳಿ, ಬೆಳ್ಳುಳ್ಳಿ, ಮೆಣಸಿನ ಜೊತೆ ಅರ್ಧ ಗಂಟೆ ಕುದಿಸಿ ಸೋಸಿದರೆ ಸೂಪ್‌ಗೆ ಬೇಕಾದ ನೀರು ಸಿದ್ಧ. ಇಲ್ಲವೇ ಎಣ್ಣೆಯಲ್ಲಿ ಬಾಡಿಸಿ ತೆಂಗಿನಕಾಯಿ, ಹುಣಸೆಹಣ್ಣು, ಒಣಮೆಣಸಿನಕಾಯಿ ಹಾಕಿ ರುಬ್ಬಿ, ಚಟ್ನಿಯಾಗುತ್ತದೆ. ಕರಾವಳಿ, ಮಲೆನಾಡಿನ ಅಜ್ಜಿಯರಿಗೆ ಇದೇನೂ ಹೊಸದಲ್ಲ. ಅವರು ಸಿಪ್ಪೆಯನ್ನೂ ಬಿಟ್ಟವರಲ್ಲ.

ಮೂರನೆಯದು, ಒಳಗೋಡೆಯಿಂದ ಕೆರೆದ ಹಳದಿ ಭಾಗ. ಕೆತ್ತನೆಗೆಂದೇ ಬೆಳೆಸುವ ಕಾಯಿಯಲ್ಲಿ ನೀರು ಹೆಚ್ಚು, ಸಿಹಿ ಕಡಿಮೆ. ಹಾಗಾಗಿ ಅಮೆರಿಕದವರ ಪೈಗೆ ಅದು ಅಷ್ಟು ಒಗ್ಗುವುದಿಲ್ಲ. ಆದರೆ ಮಸಾಲೆ ಬೀಳುವ ಸೂಪ್‌ಗೆ, ಹುಳಿಗೆ ಅಡ್ಡಿಯಿಲ್ಲ. ಉತ್ತರ ಕರ್ನಾಟಕದ ಗಾರಿಗೆಗೂ ಆದೀತು: ನೀರಿನಂಶ ಆರುವವರೆಗೆ ಬೆಲ್ಲದೊಂದಿಗೆ ಬೇಯಿಸಿ, ಏಲಕ್ಕಿ, ಗೋಧಿಹಿಟ್ಟು ಸೇರಿಸಿ ಕಲಸಿ, ತಟ್ಟಿ ಕರಿದರಾಯಿತು. ಸಿಹಿ ಕಮ್ಮಿ ಎಂಬ ದೂರನ್ನು ಬೆಲ್ಲವೇ ನೋಡಿಕೊಳ್ಳುತ್ತದೆ.

ಒಂದು ಎಚ್ಚರಿಕೆ. ಕೆತ್ತಿದ ದಿನ ತೆಗೆದ ಭಾಗವನ್ನಷ್ಟೇ ಅಡುಗೆಗೆ ಬಳಸಿ, ತಕ್ಷಣ ಬೇಡವೆಂದರೆ ಫ್ರಿಜ್‌ನಲ್ಲಿಡಿ. ಮೇಣದಬತ್ತಿಯ ಹೊಗೆ ಕುಡಿದು ದಿನಗಟ್ಟಲೆ ಬಾಗಿಲಲ್ಲಿ ಕೂತ ಬುರುಡೆ ತಿನ್ನಲು ಯೋಗ್ಯವಲ್ಲ. ಅದು ಗೊಬ್ಬರದ ಗುಂಡಿಗೆ ಸೇರಲಿ. ಕಸದ ರಾಶಿಯಡಿ ಗಾಳಿಯಿಲ್ಲದೆ ಕೊಳೆತರೆ ಹೊಮ್ಮುವುದು ಮೀಥೇನ್, ಭೂಮಿಯ ಬಿಸಿ ಏರಿಸುವ ಅನಿಲ.

‘ಅಯ್ಯೋ, ಅಮೆರಿಕದವರು ಎಷ್ಟು ವೇಸ್ಟ್ ಮಾಡ್ತಾರಪ್ಪ’ ಎಂದು ನಗುವ ಮುನ್ನ ನಮ್ಮ ಗಾದೆ ನೆನಪಿರಲಿ. ಕುಂಬಳಕಾಯಿ ಕಳ್ಳ ಎಂದರೆ ನಾವೂ ಹೆಗಲು ಮುಟ್ಟಿ ನೋಡಿಕೊಳ್ಳಬೇಕಾದವರೇ! ಆಯುಧಪೂಜೆಯ ಮರುದಿನ ನಮ್ಮ ರಸ್ತೆಗಳ ತುಂಬ ಬೂದುಗುಂಬಳದ ಹೋಳು. ತಿನ್ನುವವರಿಲ್ಲ, ತೆಗೆಯುವವರಿಲ್ಲ, ಬೈಕ್ ಜಾರಿ ಬೀಳುವವರು ಮಾತ್ರ ಇದ್ದಾರೆ. ಒಡೆದವರೇ ಬದಿಗೆ ಸರಿಸಿದರೆ ದೃಷ್ಟಿ ತೆಗೆದದ್ದಕ್ಕೂ ಅರ್ಥ ಬರುತ್ತದೆ.

ಹಬ್ಬ ಯಾರದ್ದೇ ಇರಲಿ, ಖುಷಿಪಡೋಣ. ಈ ಸಲ ನಿಮ್ಮ ರೂಮಿನಲ್ಲೂ ಕುಂಬಳಕಾಯಿಗೆ ಮುಖ ಕೆತ್ತುವ ಪ್ಲ್ಯಾನ್ ಇದ್ದರೆ, ಚಾಕುವಿನ ಜೊತೆ ಒಂದು ಪಾತ್ರೆಯನ್ನೂ ತಂದಿಟ್ಟುಕೊಳ್ಳಿ. ತಿಂಗಳ ಕೊನೆಯ ವಾರ, ಜೇಬು ಹೇಗೂ ಖಾಲಿ. ಒಂದು ರಾತ್ರಿಯ ಊಟಕ್ಕಾಯಿತು!